ಪಿಪಿ ಬಾಕ್ಸ್‌ಗೆ ವಿ-0 ಬರ್ತಿಲ್ಲ, ಯಾವ ಎಫ್‌ಆರ್ ಹಾಕ್ಬೇಕು?

ಪೀಣ್ಯ_ಮೋಲ್ಡರ್:

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ದು ಚಿಕ್ಕ ಇಂಜೆಕ್ಷನ್ ಮೋಲ್ಡಿಂಗ್ ಯೂನಿಟ್ಟು, ಪಂಪ್‌ಸೆಟ್ ಸ್ಟಾರ್ಟರ್‌ಗೆ ಬಾಕ್ಸು, ಕವರು, ಟರ್ಮಿನಲ್ ಮೇಲಿನ ಮುಚ್ಚಳ ಇಂಥವನ್ನ ಮಾಡ್ಕೊಡ್ತೀವಿ. ಇಷ್ಟು ವರ್ಷ ಟಾಲ್ಕ್ ಪುಡಿ ಹಾಕಿರೋ ಪಿಪಿ, ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಲ್ಲೇ ನಡೀತಿತ್ತು, ಬೆಂಕಿ ವಿಷ್ಯ ಯಾರೂ ಎತ್ತಿರ್ಲಿಲ್ಲ. ಈಗ ಕಸ್ಟಮರ್ ಹೊಸ ಡ್ರಾಯಿಂಗ್ ಕಳ್ಸಿದ್ದಾರೆ, ಅದ್ರಲ್ಲಿ ಯುಎಲ್ 94 ವಿ-0 (ಪ್ಲಾಸ್ಟಿಕ್ ಬೆಂಕಿ ಟೆಸ್ಟಲ್ಲಿ ವಿ-2, ವಿ-1ಗಿಂತ ಮೇಲಿನ ದರ್ಜೆ), 1.6 ಎಂಎಂ ದಪ್ಪಕ್ಕೆ, ಸಾಧ್ಯ ಆದ್ರೆ ಹ್ಯಾಲೊಜನ್ ಫ್ರೀ (ಬ್ರೋಮಿನ್, ಕ್ಲೋರಿನ್ ಥರದ್ದು ಇಲ್ದೆ) ಅಂತ ಇದೆ.

ಮೆಟೀರಿಯಲ್ ಡೀಲರ್ ಒಬ್ರು ಒಂದು ಎಫ್‌ಆರ್ ಮಾಸ್ಟರ್‌ಬ್ಯಾಚ್ (ಬೆಂಕಿ ತಡೆಯೋ ರಾಸಾಯನಿಕ ಗಾಢವಾಗಿ ಸೇರ್ಸಿರೋ ಗ್ರಾನ್ಯೂಲ್) ಕೊಟ್ಟು ಐದು ಪರ್ಸೆಂಟ್ ಹಾಕಿ ಸಾಕು ಅಂದ್ರು. ಹಾಕಿ ಪಟ್ಟಿ ಹೊಡ್ದು ಲೈಟರ್ ಹಿಡಿದ್ರೆ ಬೇಗ ಆರುತ್ತೆ ನಿಜ, ಆದ್ರೆ ಆರೋಕ್ಕೆ ಮುಂಚೆ ಉರಿಯೋ ಹನಿ ಕೆಳಗೆ ಬಿದ್ದು ಅಲ್ಲಿಟ್ಟಿರೋ ಹತ್ತಿ ಹತ್ಕೊಳ್ಳುತ್ತೆ. ಹ್ಯಾಲೊಜನ್ ಬೇಡ ಅಂದಿದ್ದಕ್ಕೆ ಅದೇ ಡೀಲರ್ ಬಿಳಿ ಪುಡಿ ಚೀಲ ಕಳ್ಸಿದ್ರು, ಚೀಲದ ಮೇಲೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಂತ ಬರ್ದಿದೆ. ಅದನ್ನ ಗ್ರಾನ್ಯೂಲ್ ಜೊತೆ ಮಿಕ್ಸ್ ಮಾಡಿ ಹಾಪರ್‌ಗೆ ಹಾಕಿದ್ವಿ, ಪ್ಲಾಸ್ಟಿಕ್ ಕರಗಿಸೋ ಬ್ಯಾರಲ್ 225 ಡಿಗ್ರಿ ಇತ್ತು. ಪಾರ್ಟ್ ಮೇಲೆಲ್ಲಾ ಬೆಳ್ಳಿ ಗೆರೆ, ಒಳಗೆ ಮುರಿದು ನೋಡಿದ್ರೆ ಗುಳ್ಳೆ, ಸ್ಕ್ರೂ ಹಾಕೋ ಬಾಸ್ (ಉಬ್ಬಿರೋ ಗೂಟ) ಕೈಯಲ್ಲಿ ಒತ್ತಿದ್ರೇ ಪಟ್ ಅಂತ ಹೋಗುತ್ತೆ, ಮತ್ತೆ ಬೆಂಕಿಗೆ ಹಿಡಿದ್ರೆ ಉರಿಯೋದೂ ಉರಿಯುತ್ತೆ.

ಈ ಬಾಕ್ಸ್ ಹೊಲದಲ್ಲಿ, ಬೋರ್ ಪಕ್ಕದ ತಗಡಿನ ಶೆಡ್ಡಲ್ಲಿ ಇರುತ್ತೆ, ವೋಲ್ಟೇಜ್ ಏರುಪೇರು, ಲೂಸ್ ಕನೆಕ್ಷನ್, ರಾತ್ರಿ ಯಾರೂ ಇರಲ್ಲ. ಹಾಗಾಗಿ ಹೆಸರಿಗೆ ಸರ್ಟಿಫಿಕೇಟ್ ತಗೊಳ್ಳೋದಲ್ಲ, ನಿಜವಾಗ್ಲೂ ಬೆಂಕಿ ತಡೆಯೋ ಪಾರ್ಟ್ ಕೊಡ್ಬೇಕು ಅಂತ ನನ್ನಾಸೆ. ತಿಳ್ದವರು ದಯವಿಟ್ಟು ದಾರಿ ತೋರ್ಸಿ.


ಕಾಂಪೌಂಡಿಂಗ್_ಮೈಸೂರು:

ಸಾರ್ ನೀವು ಇಷ್ಟು ವಿವರವಾಗಿ ಬರ್ದಿದ್ದು ಒಳ್ಳೇದಾಯ್ತು, ಎರಡಕ್ಕೂ ಕಾರಣ ನಿಮ್ಮ ಪೋಸ್ಟ್‌ನಲ್ಲೇ ಸಿಗುತ್ತೆ.

ಮೊದ್ಲು ಆ ಬಿಳಿ ಪುಡಿ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ನಾವೆಲ್ಲ ಎಟಿಎಚ್ ಅಂತೀವಿ, ಅದರ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ನೀರು ಬಿಡೋಕ್ಕಾಗುತ್ತೆ. ಬಿಸಿಯಾದಾಗ ಅದು ಒಡ್ದು ಆವಿ ಬಿಡುತ್ತೆ, ಹಾಗೆ ಒಡಿಯೋವಾಗ ಶಾಖ ಹೀರ್ಕೊಳುತ್ತೆ, ಆವಿ ಉರಿಯೋ ಗ್ಯಾಸನ್ನ ತೆಳು ಮಾಡುತ್ತೆ, ಉಳಿಯೋ ಅಲ್ಯೂಮಿನಾ ಮೇಲೆ ಒಂದು ಪದರ ಆಗುತ್ತೆ. ಕೆಲ್ಸ ಒಳ್ಳೇದೇ. ಆದ್ರೆ ಅದು ಒಡಿಯೋಕ್ಕೆ ಶುರು ಮಾಡೋದು 200 ಡಿಗ್ರಿ ಹತ್ರಾನೇ. ನಿಮ್ಮ ಬ್ಯಾರಲ್ 225, ಅಂದ್ರೆ ಬೆಂಕಿ ಬಿದ್ದಾಗ ಬಿಡ್ಬೇಕಾಗಿದ್ದ ನೀರಲ್ಲಿ ಒಂದಷ್ಟನ್ನ ಅದು ಮೆಷಿನ್ ಒಳಗೇ ಬಿಟ್ಟಿದೆ. ಬೆಳ್ಳಿ ಗೆರೆ, ಗುಳ್ಳೆ ಎಲ್ಲಾ ಆ ಆವಿದೇ. ಪಿಪಿಗೆ ಇದೇ ಜಾತಿಯಲ್ಲಿ ಹೊಂದೋದು ಮೆಗ್ನೀಷಿಯಂ ಹೈಡ್ರಾಕ್ಸೈಡ್, ಅದು 300 ಡಿಗ್ರಿ ದಾಟೋವರೆಗೂ ತಡ್ಕೊಳುತ್ತೆ. ಆದ್ರೆ ಅದ್ರಲ್ಲಿ ವಿ-0 ಬೇಕಂದ್ರೆ 60 ಪರ್ಸೆಂಟ್ ಆಸುಪಾಸು ತುಂಬ್ಬೇಕು, ಅಷ್ಟು ತುಂಬಿದ್ರೆ ಡೆನ್ಸಿಟಿ 0.9 ಇಂದ 1.4 ದಾಟುತ್ತೆ. ಸಾದಾ ಪಿಪಿಯಲ್ಲಿ 50 ಗ್ರಾಂ ಇರೋ ಪಾರ್ಟ್ ಹೆಚ್ಚುಕಮ್ಮಿ 80 ಗ್ರಾಂ ಆಗುತ್ತೆ, ಫ್ಲೋ ಬಿದ್ದುಹೋಗುತ್ತೆ, ನಿಮ್ಮ ತೆಳು ಗೋಡೆ ತುಂಬಲ್ಲ, ಪೆಟ್ಟು ತಡಿಯೋ ಶಕ್ತಿನೂ ಹೋಗುತ್ತೆ. ಮತ್ತೆ ಇಂಥ ಪುಡೀನ ಹಾಪರ್‌ಗೆ ಸುರಿಯೋದೇ ತಪ್ಪು ಸಾರ್, ಮೋಲ್ಡಿಂಗ್ ಮೆಷಿನ್ ಸ್ಕ್ರೂಗೆ ಪುಡಿ ಹರಡೋ ತಾಕತ್ತಿಲ್ಲ. ಅದನ್ನ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರಲ್ಲಿ ಪಾಲಿಮರ್ ಕರಗಿದ ಮೇಲೆ ಸೈಡ್ ಫೀಡರ್‌ನಿಂದ ಕೊಟ್ಟು, ಪುಡಿಗೂ ಪ್ಲಾಸ್ಟಿಕ್ಕಿಗೂ ಅಂಟು ಕೊಡೋ ಮೆಲಿಕ್ ಗ್ರಾಫ್ಟ್ ಮಾಡಿರೋ ಪಿಪಿ ಸ್ವಲ್ಪ ಸೇರ್ಸಿ ಕಾಂಪೌಂಡ್ ಮಾಡ್ಬೇಕು. ಡೀಲರ್ ಇದನ್ನ ಹೇಳ್ಬೇಕಿತ್ತು.

ಇನ್ನು ಆ ಮಾಸ್ಟರ್‌ಬ್ಯಾಚ್, ನೀವು ಹೇಳೋ ಲಕ್ಷಣ ನೋಡಿದ್ರೆ ಬ್ರೋಮಿನ್ ಪ್ಲಸ್ ಆಂಟಿಮನಿ ಇರ್ಬೇಕು. ಅದು ಕೆಲ್ಸ ಮಾಡೋದು ಜ್ವಾಲೆ ಒಳಗೆ. ಬಿಸಿಗೆ ಹೈಡ್ರೋಜನ್ ಬ್ರೋಮೈಡ್ ಹೊರಗೆ ಬಂದು, ಉರಿಯನ್ನ ಮುಂದಕ್ಕೆ ತಳ್ಳೋ ಹೈಡ್ರೋಜನ್ ಮತ್ತೆ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನ ಹಿಡ್ದು ಸುಮ್ಮನಾಗಿಸುತ್ತೆ. ಆಂಟಿಮನಿ ಟ್ರೈಆಕ್ಸೈಡ್ ಒಂದೇ ಹಾಕಿದ್ರೆ ಏನೂ ಆಗಲ್ಲ, ಬ್ರೋಮಿನ್ ಜೊತೆ ಸೇರಿದ್ರೆ ಮಾತ್ರ ಅದರ ಬಲ ಹೆಚ್ಚಿಸುತ್ತೆ. ಐದು ಪರ್ಸೆಂಟ್ ಡೋಸ್‌ನಲ್ಲಿ ನಿಮಗೆ ಸಿಕ್ಕಿರೋದು ವಿ-2, ಅಂದ್ರೆ ಬೇಗ ಆರುತ್ತೆ ಆದ್ರೆ ಉರಿಯೋ ಹನಿಗೆ ವಿನಾಯ್ತಿ ಇದೆ. ಪಿಪಿಲಿ ವಿ-0 ಬೇಕಂದ್ರೆ ಬ್ರೋಮಿನ್ ಆಂಟಿಮನಿ ಎರಡೂ ಸೇರಿ 25-30 ಪರ್ಸೆಂಟ್‌ವರೆಗೂ ಹೋಗುತ್ತೆ. ಆಂಟಿಮನಿಯನ್ನ 2024 ಸೆಪ್ಟೆಂಬರ್‌ನಿಂದ ಚೀನಾ ಲೈಸೆನ್ಸ್ ಇಲ್ದೆ ರಫ್ತು ಮಾಡೋದು ನಿಲ್ಲಿಸ್ತು, ಆಮೇಲೆ ರೇಟ್ ಎಲ್ಲಿಗೋ ಹೋಗಿತ್ತು, ಅದಕ್ಕೇ ಆಂಟಿಮನಿ ಕಮ್ಮಿ ಮಾಡಿರೋ ಬ್ಯಾಚ್ ಮಾರ್ಕೆಟಲ್ಲಿ ಓಡಾಡ್ತಿದ್ರೆ ಆಶ್ಚರ್ಯ ಇಲ್ಲ.

ನಿಮ್ಮ ಪಾರ್ಟ್‌ಗೆ ನನ್ನ ಆಯ್ಕೆ ಅಮೋನಿಯಂ ಪಾಲಿಫಾಸ್ಫೇಟ್, ಅಂದ್ರೆ ಎಪಿಪಿ ಇರೋ ಉಬ್ಬೋ ಜಾತಿ ಕಾಂಪೌಂಡ್. ಇದ್ರಲ್ಲಿ ಮೂರು ಕೆಲ್ಸದವರಿದ್ದಾರೆ. ಎಪಿಪಿ ಆಸಿಡ್ ಕೊಡುತ್ತೆ, ಪೆಂಟಾಎರಿಥ್ರಿಟಾಲ್ ಥರದ್ದು ಇಂಗಾಲ ಕೊಡುತ್ತೆ, ಮೆಲಮೈನ್ ಗ್ಯಾಸ್ ಕೊಟ್ಟು ಉಬ್ಬಿಸುತ್ತೆ. ಬೆಂಕಿ ತಾಗಿದ ತಕ್ಷಣ ಮೇಲ್ಮೈ ಹಪ್ಪಳ ಉಬ್ಬಿದ ಹಾಗೆ ಉಬ್ಬಿ ಕಪ್ಪು ನೊರೆ ಗಟ್ಟಿಯಾಗಿ ಕೂತ್ಕೊಳುತ್ತೆ, ಕೆಳಗಿನ ಪಿಪಿಗೆ ಶಾಖ ಇಳಿಯಲ್ಲ, ಹನೀನೂ ಬೀಳಲ್ಲ. 20 ರಿಂದ 30 ಪರ್ಸೆಂಟ್ ಸಾಕು, ಡೆನ್ಸಿಟಿ 1.05 ಆಸುಪಾಸಲ್ಲಿ ನಿಲ್ಲುತ್ತೆ. ಆದ್ರೆ ಎರಡು ಎಚ್ಚರಿಕೆ. ಮೆಲ್ಟ್ 220 ದಾಟಿಸ್ಬೇಡಿ. ಮತ್ತೆ ಖರ್ಚು ಉಳಿಸೋಕೆ ಅಂತ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಸ್ಟರ್‌ಬ್ಯಾಚ್ ದಯವಿಟ್ಟು ಸೇರ್ಸ್ಬೇಡಿ, ಅದು ಎಪಿಪಿಯ ಆಸಿಡ್ ಜೊತೆ ಸೇರ್ಕೊಂಡು ಉಬ್ಬೋ ಗುಣಾನೇ ಕೊಂದುಹಾಕುತ್ತೆ. ಈಗಿರೋ ಟಾಲ್ಕ್ ಪಿಪಿಗೆ ಇದನ್ನ ಮೇಲಿಂದ ಸೇರ್ಸೋದೂ ಬೇಡ, ರೆಡಿ ಕಾಂಪೌಂಡೇ ತಗೊಳ್ಳಿ.


ಕೇಬಲ್_ಲೈನ್_ಹುಬ್ಬಳ್ಳಿ:

ಮೈಸೂರು ಸರ್ ಹೇಳಿದ್ದು ಖರೇ ಐತಿ. ಎಟಿಎಚ್ ಬಗ್ಗೆ ಒಂದು ಮಾತ್ ಹೇಳ್ತೀನಿ, ಅದು ಕೆಟ್ಟ ಮಾಲ್ ಅಲ್ರೀ, ಅದರ ಜಾಗಾ ಬ್ಯಾರೆ ಐತಿ. ನಮ್ಮ ಹ್ಯಾಲೊಜನ್ ಇಲ್ಲದ ಕೇಬಲ್ ಕಾಂಪೌಂಡ್‌ನಾಗ ಇವಿಎ, ಪಿಇ ಅನ್ನೂ ಪ್ಲಾಸ್ಟಿಕ್ ಕೂಡಿಸಿ ಅದಕ್ಕ ನೂರಕ್ಕ 60-65 ಎಟಿಎಚ್ ತುಂಬತಾರ, ಅಂದ್ರ ಪ್ಲಾಸ್ಟಿಕ್‌ಗಿಂತ ಪುಡಿನ ಹೆಚ್ಚು. ಇವಿಎ ಕಡಿಮಿ ಬಿಸಿಗೆ ಹರೀತೈತಿ, 160-170ರಾಗ ಎಕ್ಸ್‌ಟ್ರೂಡರ್ ಓಡಸಬಹುದು, ಹಂಗಾಗಿ ನೀರು ಒಳಗ ಉಳೀತೈತಿ. ನಿಮ್ಮ ಊರಾಗ ಮನಿ ಮುಂದ ಕರೆಂಟ್ ಮೀಟರ್ ಬಾಕ್ಸ್ ಇರ್ತಾವಲ್ಲ ಎಸ್ಎಂಸಿ (ಗಾಜಿನ ನಾರು ಸೇರಿಸಿದ ಪಾಲಿಯೆಸ್ಟರ್) ದ್ದು, ಅದರಾಗೂ ಇದನ್ನ ಹಾಕ್ತಾರ, ಯಾಕಂದ್ರ ಪಾಲಿಯೆಸ್ಟರ್ ರಾಳ 150 ಡಿಗ್ರಿ ಆಸುಪಾಸಿನಾಗ ಗಟ್ಟಿ ಆಗ್ತೈತಿ.

ನನಗ ಇನ್ನೊಂದು ಹೇಳಬೇಕಾಗಿದ್ದು ಹೊಗಿ ಬಗ್ಗೆ. ಮಂದಿ ಅಂಗಡಿಗೆ ಹೋಗಿ ಎಫ್‌ಆರ್ ವೈರ್ ಕೊಡ್ರೀ ಅಂತಾರ, ಮುಗೀತು ಅನ್ಕೋತಾರ. ಬರೇ ಪಿವಿಸಿ ತೂಕದಾಗ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ಇರ್ತೈತಿ, 57 ಪರ್ಸೆಂಟ್, ಹಿಂಗಾಗಿ ಗಟ್ಟಿ ಪಿವಿಸಿ ಪೈಪ್ ತಾನ ಉರಿಯಂಗಿಲ್ಲ. ಆದ್ರ ವೈರ್‌ಗೆ ಮೆತ್ತಗ ಮಾಡಾಕ ಪ್ಲಾಸ್ಟಿಸೈಜರ್ ಹಾಕತೀವಿ, ಅದು ಎಣ್ಣಿ ಇದ್ದಂಗ ಉರೀತೈತಿ, ಅದಕ್ಕ ಮತ್ತ ಆಂಟಿಮನಿ ಸೇರಸಬೇಕು. ಉರಿ ನಿಲ್ತೈತಿ, ಆದ್ರ ಹೈಡ್ರೋಕ್ಲೋರಿಕ್ ಆಸಿಡ್ ಗ್ಯಾಸು, ಕರೀ ಹೊಗಿ ಭಾಳ ಬರ್ತೈತಿ. ಎಫ್‌ಆರ್‌ಎಲ್‌ಎಸ್‌ಎಚ್ (ಬೆಂಕಿ ತಡಿಯೂ, ಹೊಗಿ ಹ್ಯಾಲೊಜನ್ ಕಡಿಮಿ ಬಿಡೂ) ಅಂತ ಬರದಿರೋ ವೈರ್‌ಗೆ ಆಕ್ಸಿಜನ್ ಇಂಡೆಕ್ಸ್, ಅಂದ್ರ ಉರಿಯಾಕ ಗಾಳ್ಯಾಗ ಬೇಕಾಗೂ ಆಕ್ಸಿಜನ್ ಪರ್ಸೆಂಟ್, ಕಡಿಮಿ ಅಂದ್ರ 29 ಇರಬೇಕು, ಆಸಿಡ್ ಗ್ಯಾಸ್ 20 ಪರ್ಸೆಂಟ್ ದಾಟಬಾರದು, ಹೊಗಿ 60 ಪರ್ಸೆಂಟ್ ದಾಟಬಾರದು. ನೋಡ್ರಿ, ಅದೂ ಪಿವಿಸಿನ, ಆಸಿಡ್ ಕಡಿಮಿ ಆದ ಪಿವಿಸಿ ಅಷ್ಟ. ಮೆಟ್ರೋ ಸುರಂಗ, ದವಾಖಾನಿ ಇಂಥಲ್ಲಿ ಪೂರ್ತಿ ಹ್ಯಾಲೊಜನ್ ಇಲ್ಲದ್ದನ್ನ ಹಾಕಬೇಕು.

2010ರ ಫೆಬ್ರವರಿ 23ಕ್ಕ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಾಗ ಆದದ್ದು ಎಲ್ಲಾರಿಗೂ ನೆನಪಿರಬೇಕು, ಒಂಬತ್ತು ಮಂದಿ ಹೋದ್ರು. ಅಲ್ಲಿ ಕರೆಂಟಿನ ಡಕ್ಟ್ ಹಿಡದು ಹೊಗಿ ಮ್ಯಾಲಿನ ಅಂತಸ್ತಿಗೆ ಏರಿತ್ತು, ಉಸಿರು ಕಟ್ಟಿದ ಮಂದಿ ಕಿಡಕಿ ಒಡದು ಹಾರಿದ್ರು. ಹಿಂಗಾಗಿ ಯಾವ ಎಫ್‌ಆರ್ ಅಂತ ಕೇಳೂವಾಗ ಎಷ್ಟು ಸೆಕೆಂಡಿಗೆ ಆರ್ತೈತಿ ಅನ್ನೂದರ ಜೋಡಿ ಆರೂ ಮುಂದ ಏನು ಬಿಡ್ತೈತಿ ಅಂತನೂ ಕೇಳ್ರಿ. ನಿಮ್ಮ ಶೆಡ್ ಬಯಲಾಗ ಐತಿ, ಅಷ್ಟು ಚಿಂತಿ ಇಲ್ಲ, ಆದ್ರ ಅದ ಬಾಕ್ಸ್ ನಾಳೆ ಅಪಾರ್ಟ್‌ಮೆಂಟಿನ ಪಂಪ್ ರೂಮಿಗೂ ಹೋಗ್ತೈತಿ.


ಪೀಣ್ಯ_ಮೋಲ್ಡರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗುಳ್ಳೆ ಯಾಕೆ ಬಂತು ಅಂತ ಈಗ ಅರ್ಥ ಆಯ್ತು. ಎಪಿಪಿ ಕಾಂಪೌಂಡ್‌ಗೆ ಎರಡು ಕಡೆ ಸ್ಯಾಂಪಲ್ ಕೇಳಿದ್ದೀನಿ. ಒಬ್ರು ವಿ-0 ಅಂತ ಡೇಟಾ ಶೀಟ್ ಕಳ್ಸಿದ್ದಾರೆ, ಅದ್ರಲ್ಲಿ 3.2 ಎಂಎಂ ಅಂತ ಇದೆ, ನಮ್ಮ ಗೋಡೆ 1.6 ಅಂದ್ರೆ ಅದೇ ಅಲ್ವಾ, ನಡಿಯುತ್ತೆ ಅಂತಿದ್ದಾರೆ. ಹೌದಾ? ಮತ್ತೆ ಇಲ್ಲೇ ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡ್ಕೊಳೋಕೆ ಆಗುತ್ತಾ?


ಫ್ಲೇಮ್_ಚೇಂಬರ್:

ನಡಿಯಲ್ಲ. ನಾನು ಟೆಸ್ಟಿಂಗ್ ಲ್ಯಾಬಲ್ಲಿ ಕೆಲ್ಸ ಮಾಡ್ತೀನಿ, ನಮ್ಮ ಹತ್ರ ಬರೋ ಜಗಳಗಳಲ್ಲಿ ಹೆಚ್ಚಿನವು ಇದೇ ದಪ್ಪದ ಜಗಳ. 3.2ರಲ್ಲಿ ವಿ-0 ಬಂದಿರೋ ಗ್ರೇಡ್ 1.6ರಲ್ಲಿ ವಿ-2 ಆಗ್ಬಹುದು, ಏನೂ ಸಿಗದೇನೂ ಇರ್ಬಹುದು, ಯಾಕಂದ್ರೆ ತೆಳು ಪಟ್ಟಿ ಬೇಗ ಬಿಸಿಯಾಗಿ ಕರಗಿ ಇಳಿಯುತ್ತೆ, ಉಬ್ಬೋ ಪದರ ಕಟ್ಟೋಕೆ ಟೈಮೇ ಸಿಗಲ್ಲ. ರೇಟಿಂಗ್ ಅನ್ನೋದು ಮೆಟೀರಿಯಲ್‌ಗೆ ಕೊಡೋ ಬಿರುದಲ್ಲ, ಇಂಥ ಗ್ರೇಡ್, ಇಂಥ ಬಣ್ಣ, ಇಂಥ ದಪ್ಪ ಅಂತ ಸೇರಿಸಿಯೇ ಓದ್ಬೇಕು. ಯುಎಲ್ ಕೊಡೋ ಯೆಲ್ಲೋ ಕಾರ್ಡ್ (ಆ ಗ್ರೇಡಿನ ರೇಟಿಂಗ್ ಪಟ್ಟಿ) ಕೇಳಿ, ಅದ್ರಲ್ಲಿ 1.5 ಅಥವಾ 1.6ರ ಸಾಲು ಇದ್ಯಾ ನೋಡಿ.

ನಿಮ್ಮಲ್ಲೇ ಒಂದು ಅಂದಾಜು ಟೆಸ್ಟ್ ಖಂಡಿತ ಮಾಡ್ಬಹುದು, ಆದ್ರೆ ಲೈಟರಲ್ಲಿ ಬೇಡ, ಜ್ವಾಲೆ ಎತ್ತರ ಒಂದೊಂದ್ ಸಲ ಒಂದೊಂದು ಥರ ಇರುತ್ತೆ. ಪಟ್ಟಿ 125 ಎಂಎಂ ಉದ್ದ, 13 ಎಂಎಂ ಅಗಲ, ನಿಮ್ಮ ಪಾರ್ಟಿನ ದಪ್ಪದ್ದೇ ಇರ್ಬೇಕು. 23 ಡಿಗ್ರಿ, 50 ಪರ್ಸೆಂಟ್ ತೇವದಲ್ಲಿ 48 ಗಂಟೆ ಇಟ್ಟಿರ್ಬೇಕು. ನೆಟ್ಟಗೆ ನೇತುಹಾಕಿ, ತುದಿಯಿಂದ 300 ಎಂಎಂ ಕೆಳಗೆ ಹತ್ತಿ ಹರಡಿ. ಬರ್ನರ್‌ನ ನೀಲಿ ಜ್ವಾಲೆ 20 ಎಂಎಂ ಎತ್ತರ, 10 ಸೆಕೆಂಡ್ ಕೆಳತುದಿಗೆ ಹಿಡ್ದು ತೆಗೀರಿ, ಎಷ್ಟು ಸೆಕೆಂಡ್ ಉರೀತು ಬರ್ಕೊಳ್ಳಿ, ಆರಿದ ಕೂಡ್ಲೇ ಮತ್ತೆ 10 ಸೆಕೆಂಡ್ ಹಿಡೀರಿ. ಹೀಗೆ ಐದು ಪಟ್ಟಿ. ವಿ-0 ಅಂದ್ರೆ ಪ್ರತಿ ಸಲಾನೂ 10 ಸೆಕೆಂಡ್ ಒಳಗೆ ಆರ್ಬೇಕು, ಐದೂ ಪಟ್ಟಿಯ ಹತ್ತೂ ಸಲ ಸೇರಿ 50 ಸೆಕೆಂಡ್ ದಾಟಬಾರ್ದು, ಹತ್ತಿ ಹತ್ತಬಾರ್ದು, ಉರಿ ಮೇಲಿನ ಕ್ಲಾಂಪ್ ಮುಟ್ಟಬಾರ್ದು. ಹನಿ ಬೀಳೋದು ತಪ್ಪಲ್ಲ, ಅದು ಹತ್ತಿ ಹೊತ್ತಿಸಬಾರ್ದು ಅಷ್ಟೇ. ಇನ್ನೊಂದು ಸೆಟ್ ಪಟ್ಟಿಗಳನ್ನ 70 ಡಿಗ್ರಿ ಓವನ್ನಲ್ಲಿ ಏಳು ದಿನ ಇಟ್ಟು ಮತ್ತೆ ಮಾಡ್ಬೇಕು. ಕೆಲವು ಕಾಂಪೌಂಡ್ ಹೊಸದಾಗಿದ್ದಾಗ ಪಾಸಾಗಿ, ಓವನ್ ಆದ್ಮೇಲೆ ಮೈ ಮೇಲೆ ಪುಡಿ ಬಿಟ್ಕೊಂಡು ಫೇಲ್ ಆಗೋದನ್ನ ನೋಡಿದ್ದೀನಿ. ಕಿಟಕಿ ಬಾಗಿಲು ಮುಚ್ಚಿದ ರೂಮಲ್ಲಿ ಮಾಡ್ಬೇಡಿ, ಹೊಗೆ ಹೊರಗೆ ಹೋಗೋ ಹಾಗಿರ್ಲಿ, ಫ್ಯಾನ್ ಗಾಳಿ ಮಾತ್ರ ಪಟ್ಟಿಗೆ ತಾಗಬಾರ್ದು.

ನಿಮ್ಮ ಟರ್ಮಿನಲ್ ಕವರ್‌ಗೆ ಯುಎಲ್ 94 ಒಂದೇ ನೋಡಿದ್ರೆ ಸಾಲದು. ಲೂಸ್ ಕನೆಕ್ಷನ್ ಅಂದ್ರಲ್ಲ, ಅಲ್ಲಿ ಜ್ವಾಲೆ ಮೊದ್ಲು ಬರಲ್ಲ, ಕೆಂಪಗೆ ಕಾದ ಲೋಹ ಪ್ಲಾಸ್ಟಿಕ್‌ಗೆ ಒತ್ಕೊಂಡು ಕೂತಿರುತ್ತೆ. ಅದಕ್ಕೆ ಗ್ಲೋ ವೈರ್ ಟೆಸ್ಟ್ ಇದೆ, ಕಾಯ್ಸಿದ ತಂತಿ ಕುಣಿಕೆಯನ್ನ 30 ಸೆಕೆಂಡ್ ಒತ್ತಿ ಹಿಡೀತಾರೆ, 650, 750, 850, 960 ಡಿಗ್ರಿ ಅಂತ ಮೆಟ್ಟಿಲಿದೆ. ಕರೆಂಟ್ ಹರಿಯೋ ಭಾಗ ತಾಗೋ ಕಡೆ ಯಾವ ಡಿಗ್ರಿ ಬೇಕು ಅಂತ ಕಸ್ಟಮರ್ ಹತ್ರ ಬರ್ಸ್ಕೊಳ್ಳಿ. ಜೊತೆಗೆ ಟ್ರ್ಯಾಕಿಂಗ್ ಇಂಡೆಕ್ಸ್. ಧೂಳು, ತೇವ ಕೂತ ಮೇಲ್ಮೈ ಮೇಲೆ ಕರೆಂಟ್ ದಾರಿ ಮಾಡ್ಕೊಂಡು ಹೋಗುತ್ತಲ್ಲ, ಅದನ್ನ ತಡೆಯೋ ಶಕ್ತಿಯ ಅಳತೆ. ಬ್ರೋಮಿನ್ ಆಂಟಿಮನಿ ಗ್ರೇಡ್‌ಗಳಲ್ಲಿ ಇದು ಬೀಳುತ್ತೆ, ಎಪಿಪಿ ಥರದ ಫಾಸ್ಫರಸ್ ನೈಟ್ರೋಜನ್ ಗ್ರೇಡ್‌ಗಳಲ್ಲಿ ಚೆನ್ನಾಗಿ ನಿಲ್ಲುತ್ತೆ. ಬೋರ್ ಪಕ್ಕದ ಶೆಡ್‌ಗೆ ಇದು ದೊಡ್ಡ ವಿಷ್ಯ.

ಕೊನೇಗೆ ಅಧಿಕೃತ ರಿಪೋರ್ಟ್ ಬೇಕೇ ಬೇಕು. ಮೈಸೂರಿನ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಟೆಸ್ಟಿಂಗ್ ಇದೆ, ಕೇಬಲ್ಲು ಸ್ವಿಚ್‌ಗೇರ್ ಕಡೆಗೆ ಬೆಂಗಳೂರಲ್ಲೇ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐ ಇದೆ. ಯಾವ ಟೆಸ್ಟ್, ಎಷ್ಟು ಪಟ್ಟಿ, ಯಾವ ದಪ್ಪ ಅಂತ ಮೊದ್ಲೇ ಫೋನಲ್ಲಿ ಕೇಳ್ಕೊಂಡು ಹೋಗಿ.


ಸ್ಕ್ರ್ಯಾಪ್_ಟು_ಗ್ರಾನ್ಯೂಲ್:

ಒಳ್ಳೆ ಥ್ರೆಡ್. ನಾನು ರೀಸೈಕ್ಲಿಂಗ್ ಲೈನಲ್ಲಿರೋನು, ಬ್ರೋಮಿನ್ ಹಾಕೋರಿಗೆ ಮುಂದೆ ಏನಾಗುತ್ತೆ ಅಂತ ಗೊತ್ತಿರ್ಲಿ ಅಂತ ಬರೀತಿದ್ದೀನಿ.

ಹಳೇ ಟಿವಿ, ಮಾನಿಟರ್ ಹಿಂಬದಿ ಕವರ್‌ಗಳಲ್ಲಿ ಬ್ರೋಮಿನ್ ತುಂಬಿರೋವು ಬೇಕಾದಷ್ಟಿವೆ. ಇದ್ರಲ್ಲಿ ಹಲವು ಜಾತಿಗಳು ಮಣ್ಣಲ್ಲಿ, ಮೀನಲ್ಲಿ, ತಾಯಿ ಹಾಲಲ್ಲಿ ಸಿಕ್ಕಿದ್ವು, ಕರಗಿ ಹೋಗಲ್ಲ, ಮೈಯಲ್ಲೇ ಕೂತ್ಕೊಳುತ್ವೆ. ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಪೆಂಟಾ, ಆಕ್ಟಾ ಮಿಕ್ಸ್‌ಚರ್‌ಗಳಲ್ಲಿರೋ ಬ್ರೋಮೊಡೈಫಿನೈಲ್ ಈಥರ್‌ಗಳನ್ನ (ಪಿಬಿಡಿಇ) 2009ರಲ್ಲೇ ನಿಷೇಧದ ಪಟ್ಟಿಗೆ ಸೇರ್ಸಿದ್ರು, ಥರ್ಮೋಕೋಲ್‌ಗೆ ಹಾಕ್ತಿದ್ದ ಎಚ್‌ಬಿಸಿಡಿ 2013ರಲ್ಲಿ, ಪಿಬಿಡಿಇ ಜಾತಿಯದ್ದೇ ಆದ ಡೆಕಾ 2017ರಲ್ಲಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಪಿಬಿಡಿಇ 0.1 ಪರ್ಸೆಂಟ್ ದಾಟಬಾರ್ದು ಅಂತ ಯುರೋಪಿನ ಕಾನೂನೂ ಇದೆ, ನಮ್ಮ ಇ-ವೇಸ್ಟ್ ರೂಲ್ಸಲ್ಲೂ ಇದೆ.

ಆದ್ರೆ ಪೇಪರ್ ಮೇಲೆ ನಿಂತಿದ್ದು ಗುಜರಿಯಲ್ಲಿ ನಿಲ್ಲಲ್ಲ. ಆ ಕವರ್‌ಗಳು ಪುಡಿಯಾಗಿ, ಕಪ್ಪು ಮಾಸ್ಟರ್‌ಬ್ಯಾಚ್ ಸೇರಿ, ಮಕ್ಕಳ ಆಟದ ಸಾಮಾನಾಗಿ, ಅಡುಗೆ ಮನೆ ಚಮಚ ಆಗಿ ಬರುತ್ವೆ. ಬೇರೆ ಬೇರೆ ದೇಶಗಳಲ್ಲಿ ಕಪ್ಪು ಪ್ಲಾಸ್ಟಿಕ್ ಸಾಮಾನು ಪರೀಕ್ಷೆ ಮಾಡ್ದಾಗ ಬ್ರೋಮಿನ್ ಸಿಕ್ಕಿದೆ. ಇದು ನನ್ಗೆ ನಿಜವಾಗ್ಲೂ ನೋವಿನ ವಿಷ್ಯ, ಟಿವಿಗೆ ಬೆಂಕಿ ಬೀಳ್ದಿರ್ಲಿ ಅಂತ ಹಾಕಿದ್ದು ಮಗು ಬಾಯಿಗೆ ಹೋಗ್ಬಾರ್ದು.

ನಾವು ಮಾಡೋ ವಿಂಗಡಣೆ ಹೇಳ್ತೀನಿ, ಚಿಕ್ಕ ಯೂನಿಟ್‌ನವರಿಗೂ ಆಗುತ್ತೆ. ಟಿವಿ ಕವರಿಗೆ ಬಳಸೋ ಎಬಿಎಸ್ ಪ್ಲಾಸ್ಟಿಕ್ ಸಾದಾ ಆಗಿದ್ರೆ ಡೆನ್ಸಿಟಿ 1.05, ಬ್ರೋಮಿನ್ ಇರೋದು 1.15ರ ಮೇಲೆ. ಉಪ್ಪು ನೀರನ್ನ 1.1ಕ್ಕೆ ಹದ ಮಾಡಿ ಫ್ಲೇಕ್ ಹಾಕಿದ್ರೆ ಸಾದಾದು ತೇಲುತ್ತೆ, ಎಫ್‌ಆರ್ ಮುಳುಗುತ್ತೆ. ಅನುಮಾನ ಇದ್ರೆ ತಾಮ್ರದ ತಂತಿ ಕೆಂಪಗೆ ಕಾಯ್ಸಿ ಪ್ಲಾಸ್ಟಿಕ್ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡೀರಿ, ಹಸಿರು ಜ್ವಾಲೆ ಬಂದ್ರೆ ಕ್ಲೋರಿನ್ನೋ ಬ್ರೋಮಿನ್ನೋ ಇದೆ. ಇದನ್ನ ಬಯಲಲ್ಲಿ ಮಾಡಿ, ಆ ಹೊಗೆ ಕುಡೀಬೇಡಿ. ದುಡ್ಡಿದ್ದೋರು ಎಕ್ಸ್‌ರೇಯಿಂದ ಪತ್ತೆ ಮಾಡೋ, ಕೈಯಲ್ಲಿ ಹಿಡಿಯೋ ಎಕ್ಸ್‌ಆರ್‌ಎಫ್ ಗನ್ ಇಟ್ಕೊಂಡಿದ್ದಾರೆ, ಎರಡು ನಿಮಿಷದಲ್ಲಿ ಬ್ರೋಮಿನ್ ಎಷ್ಟಿದೆ ಅಂತ ತೋರಿಸುತ್ತೆ.

ಮತ್ತೆ ಆಂಟಿಮನಿ ಪುಡಿ ಕೈಯಲ್ಲಿ ತೂಗೋ ಹುಡುಗ್ರಿಗೆ ಮಾಸ್ಕ್ ಕೊಡಿ, ಬಟ್ಟೆ ಕಟ್ಕೊಳೋದಲ್ಲ. ಅದನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರೋ ಗುಂಪಿಗೆ ಸೇರ್ಸಿದ್ದಾರೆ. ಮಾಸ್ಟರ್‌ಬ್ಯಾಚ್ ರೂಪದಲ್ಲಿ ತಗೊಂಡ್ರೆ ಧೂಳು ತುಂಬಾ ಕಮ್ಮಿ.


ಪೀಣ್ಯ_ಮೋಲ್ಡರ್:

ಮೇಡಂ, ಸಾರ್, ಎಲ್ರಿಗೂ ಧನ್ಯವಾದ. ಬ್ರೋಮಿನ್ ಕಡೆ ಹೋಗಲ್ಲ ಅಂತ ತೀರ್ಮಾನ ಮಾಡಿದ್ವಿ. ಮೈಸೂರು ಸಾರ್‌ಗೆ ಇನ್ನೆರಡು ಪ್ರಶ್ನೆ, ಈಗಿರೋ ಟೂಲ್‌ನಲ್ಲೇ (ಅಚ್ಚಿನಲ್ಲೇ) ಹೊಸ ಕಾಂಪೌಂಡ್ ಓಡ್ಸಬಹುದಾ, ಮತ್ತೆ ರನ್ನರ್ (ಅಚ್ಚಿನ ಕಾಲುವೆಯಲ್ಲಿ ಉಳಿಯೋ ಪ್ಲಾಸ್ಟಿಕ್) ಗ್ರೈಂಡ್ ಮಾಡಿ ವಾಪಸ್ ಹಾಕ್ಬಹುದಾ? ಒಬ್ರು ಪಾಲಿಕಾರ್ಬೊನೇಟ್‌ಗೇ ಹೋಗ್ಬಿಡಿ, ಸುಲಭ ಅಂತಿದ್ದಾರೆ.


ಕಾಂಪೌಂಡಿಂಗ್_ಮೈಸೂರು:

ಪಾಲಿಕಾರ್ಬೊನೇಟ್‌ಗೆ ಎಫ್‌ಆರ್ ಸುಲಭ ಅನ್ನೋದು ನಿಜ, ಅದು ತಾನೇ ಇಂಗಾಲದ ಪದರ ಕಟ್ಟುತ್ತೆ, ಹಾಗಾಗಿ ಒಂದು ಸಲ್ಫೊನೇಟ್ ಉಪ್ಪು 0.1 ಪರ್ಸೆಂಟ್ ಆಸುಪಾಸು, ಹನಿ ತಡೆಯೋಕೆ ಚೂರು ಟೆಫ್ಲಾನ್ ಅಂದ್ರೆ ಪಿಟಿಎಫ್‌ಇ ಹಾಕಿದ್ರೆ ಎಷ್ಟೋ ಗ್ರೇಡ್ ವಿ-0 ಆಗುತ್ತೆ. ಪಿಪಿಯಲ್ಲಿ ಅಂಥ ಪದರ ತಾನಾಗಿ ಕಟ್ಟಲ್ಲ, ನಾವೇ ಹೊರಗಿನಿಂದ ತಂದು ಕಟ್ಟಿಸ್ಬೇಕು, ಅದಕ್ಕೇ 25 ಪರ್ಸೆಂಟ್. ಆದ್ರೆ ನಿಮ್ಮ ಟೂಲ್ ಪಿಪಿ ಶ್ರಿಂಕೇಜ್ ನೋಡಿ ಕಟ್ ಮಾಡಿರೋದು, ಒಂದರಿಂದ ಒಂದೂವರೆ ಪರ್ಸೆಂಟ್ ಇರುತ್ತೆ. ಪಾಲಿಕಾರ್ಬೊನೇಟ್ 0.5-0.7 ಅಷ್ಟೇ ಕುಗ್ಗೋದು, ಪಾರ್ಟ್ ದೊಡ್ಡದಾಗಿ ಬರುತ್ತೆ, ಮುಚ್ಚಳ ಕೂರಲ್ಲ, ಲಿವಿಂಗ್ ಹಿಂಜ್ (ಅದೇ ಪ್ಲಾಸ್ಟಿಕ್ಕಿನ ತೆಳು ಮಡಿಕೆ ಕೀಲು) ಇದ್ರೆ ಅದೂ ಮುರಿಯುತ್ತೆ. ರೇಟ್ ಬೇರೆ. ಎಪಿಪಿ ಪಿಪಿಗಾದ್ರೆ ಈಗಿನ ಟೂಲ್‌ನಲ್ಲೇ ಟ್ರಯಲ್ ತಗೊಳ್ಳಿ, ಡೈಮೆನ್ಷನ್ ಸ್ವಲ್ಪ ಸರಿಯುತ್ತೆ, ಹೋಲ್ಡಿಂಗ್ ಪ್ರೆಷರ್‌ನಲ್ಲಿ ಹಿಡಿಯೋಕಾಗುತ್ತಾ ನೋಡಿ.

ಓಡ್ಸೋವಾಗ ಗ್ರಾನ್ಯೂಲ್‌ನ 80-90 ಡಿಗ್ರಿಯಲ್ಲಿ ಎರಡು ಗಂಟೆ ಒಣಗ್ಸಿ, ಸಾದಾ ಪಿಪಿಗೆ ಬೇಡದಿದ್ರೂ ಇದಕ್ಕೆ ಬೇಕು, ಎಪಿಪಿ ತೇವ ಎಳ್ಕೊಳುತ್ತೆ. ಸ್ಕ್ರೂ ಸ್ಪೀಡ್, ಬ್ಯಾಕ್ ಪ್ರೆಷರ್ ಕಮ್ಮಿ ಇಡಿ, ವೆಂಟ್ ಕ್ಲೀನ್ ಇರ್ಲಿ, ಇಲ್ಲಾಂದ್ರೆ ಮೂಲೆಯಲ್ಲಿ ಸುಟ್ಟ ಕಲೆ ಬರುತ್ತೆ. ಊಟಕ್ಕೆ ಹೋಗೋವಾಗ ಬ್ಯಾರಲ್‌ನಲ್ಲಿ ಬಿಟ್ಟು ಹೋಗ್ಬೇಡಿ, ಸಾದಾ ಪಿಪಿ ಓಡ್ಸಿ ಅದನ್ನ ಹೊರಗೆ ತಳ್ಳಿ (ಪರ್ಜ್), ಕೊಳೆತ್ರೆ ಅದು ಆಸಿಡ್, ಸ್ಕ್ರೂನೂ ಟೂಲ್‌ನೂ ತಿನ್ನುತ್ತೆ. ಟೂಲ್ ಪಿ20 ಸ್ಟೀಲ್ ಆಗಿದ್ರೆ ದಿನ ಮುಗಿದ್ಮೇಲೆ ಒರ್ಸಿ ರಸ್ಟ್ ಸ್ಪ್ರೇ ಹೊಡೀರಿ. ರೀಗ್ರೈಂಡ್‌ಗೆ ಯುಎಲ್ 25 ಪರ್ಸೆಂಟ್‌ವರೆಗೂ ಬಿಡುತ್ತೆ, ಅದೂ ನಿಮ್ಮದೇ ಮೆಷಿನ್‌ನ ಅದೇ ಗ್ರೇಡ್, ಕ್ಲೀನ್ ರನ್ನರ್. ನಾನಾದ್ರೆ ಈ ಪಾರ್ಟ್‌ಗೆ ಹತ್ತು ಪರ್ಸೆಂಟ್ ದಾಟಲ್ಲ, ಬಣ್ಣ ತಿರುಗಿರೋ ರನ್ನರ್ ಹಾಕೋದೇ ಇಲ್ಲ.

ಇನ್ನೊಂದು, ಬಾಕ್ಸ್ ಮೇಲೆ ಮಳೆ ಎರಚಲು, ಬಿಸ್ಲು ಬೀಳುತ್ತೆ ಅಂತಾದ್ರೆ ಸಪ್ಲೈಯರ್‌ಗೆ ಅದನ್ನ ಈಗ್ಲೇ ಹೇಳಿ. ಸಾದಾ ಎಪಿಪಿ ನೀರಿಗೆ ನಿಧಾನವಾಗಿ ಕರಗಿ ಹೊರಗೆ ಬರುತ್ತೆ, ಮೆಲಮೈನ್ ಕೋಟಿಂಗ್ ಇರೋ ಫೇಸ್ 2 ಎಪಿಪಿ ಹಾಕಿದ್ದಾರಾ, ಯುವಿ ಸ್ಟೆಬಿಲೈಜರ್ ಇದ್ಯಾ ಅಂತ ಬರವಣಿಗೆಯಲ್ಲಿ ತರ್ಸ್ಕೊಳ್ಳಿ. ಪಟ್ಟಿಗಳನ್ನ 70 ಡಿಗ್ರಿ ನೀರಲ್ಲಿ ಏಳು ದಿನ ಮುಳುಗಿಸಿ ತೆಗ್ದು ಒಣಗ್ಸಿ ಲ್ಯಾಬಿನ ಮೇಡಂ (ಫ್ಲೇಮ್_ಚೇಂಬರ್) ಹೇಳಿದ ಟೆಸ್ಟನ್ನ ಮತ್ತೊಮ್ಮೆ ಮಾಡಿ ನೋಡಿ. ಅದಾದ್ಮೇಲೂ 1.6ರಲ್ಲಿ ಹತ್ತಿ ಹತ್ತಲಿಲ್ಲ ಅಂದ್ರೆ ಆ ಗ್ರೇಡ್ ತಗೊಳ್ಳಿ. ಟ್ರಯಲ್ ಆದ್ಮೇಲೆ ಸೆಕೆಂಡ್‌ಗಳ ಪಟ್ಟಿ ಇಲ್ಲಿ ಹಾಕಿ, ನೋಡೋಣ.